ಗಿಡದ ವಿಷಯ ಮಾತ್ರ

ಅಕ್ಕನ ನಂಬರಿನಿಂದ ಗುಂಪಿಗೆ ಅಕ್ಷರದಲ್ಲಿ ಸಂದೇಶ ಬಂತು ಅಂದಾಗಲೇ ಏನೋ ಆಗಿದೆ ಅನ್ನಿಸಿತು. ಅವರು ಯಾವತ್ತೂ ಬರೆದವರಲ್ಲ. ಇಷ್ಟು ವರ್ಷ ಕಳಿಸಿದ್ದೆಲ್ಲ ವಾಯ್ಸ್ ಮೆಸೇಜೇ. ಮೊಬೈಲನ್ನು ತೀರಾ ಬಾಯಿಯ ಹತ್ತಿರ ಹಿಡಿದುಕೊಂಡು ಮಾತಾಡುತ್ತಿದ್ದರು, ಉಸಿರೂ ಕೇಳಿಸುತ್ತಿತ್ತು. ಮೊನ್ನೆ ಬೆಳಿಗ್ಗೆ ಬಂದದ್ದು ಎರಡೇ ಸಾಲು, ಅವರ ತಮ್ಮನ ಮಗಳು ಬರೆದದ್ದು. ಅತ್ತೆ ತೀರಿಕೊಂಡರು, ಕಾರ್ಯವೆಲ್ಲ ಮುಗಿಯಿತು, ಈ ನಂಬರ್ ಇನ್ನು ಇರುವುದಿಲ್ಲ, ದಯವಿಟ್ಟು ಗುಂಪಿನಿಂದ ತೆಗೆದುಬಿಡಿ. ತೆಗೆಯಬೇಕಾದವಳು ನಾನು. ವಿಜಯನಗರದ ಸುತ್ತಮುತ್ತ ತಾರಸಿಯ ಮೇಲೆ ಗಿಡ ಬೆಳೆಸುವವರ ಆ ವಾಟ್ಸಾಪ್ ಗುಂಪಿಗೆ ಅಡ್ಮಿನ್ ನಾನೇ.

ಅರ್ಧ ಗಂಟೆಯೊಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಒಬ್ಬರು ಕಾಕಡದ ಫೋಟೋ ಹಾಕಿ, ಇದು ಅಕ್ಕ ಕೊಟ್ಟ ಗಿಡದ ಹೂವು ಅಂದರು. ಇನ್ನೊಬ್ಬರು ಗುಲಾಬಿ ಹಾಕಿದರು. ಆಮೇಲೆ ಶುರುವಾಯಿತು ನೋಡಿ, ಯಾರ ಮನೆಯಲ್ಲಿ ಅಕ್ಕನ ಯಾವ ಗಿಡ ಎಷ್ಟು ಹೂ ಬಿಟ್ಟಿದೆ ಅನ್ನುವ ಪ್ರದರ್ಶನ. ಮಧ್ಯಾಹ್ನದ ಹೊತ್ತಿಗೆ ಯಾರೋ ಆ ಗುಲಾಬಿಗೆ ಏನು ಗೊಬ್ಬರ ಹಾಕಿದ್ದೀರಿ ಅಂತ ಕೇಳಿದರು, ಅವರು ಹೇಳಿದರು, ಸಂಜೆಗೆ ಗುಂಪು ಗೊಬ್ಬರದಲ್ಲಿ ಮುಳುಗಿತ್ತು. ಮಧ್ಯೆ ಒಬ್ಬರಿಗೆ ನೆನಪಾಗಿ, ಮೇಡಂ, ನೀವು ಅಕ್ಕನ ಬಗ್ಗೆ ನಾಲ್ಕು ಮಾತು ಬರೀರಿ, ನಿಮಗೆ ಬರೆಯೋ ಕೈ ಇದೆ ಅಂದರು. ಹೌದು, ಇದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು, ಬೀಳ್ಕೊಡುಗೆ ಭಾಷಣಗಳನ್ನೆಲ್ಲ ನನ್ನ ಕೈಯಲ್ಲೇ ಬರೆಸುತ್ತಿದ್ದರು. ಯಾರ ಬಗ್ಗೆ ಬೇಕಾದರೂ ನಾಲ್ಕು ಒಳ್ಳೆ ಮಾತು ಬರೆಯಬಲ್ಲೆ.

ಅಕ್ಕನ ಹೆಸರು ಇಲ್ಲಿ ಹಾಕುವುದಿಲ್ಲ. ಅವರ ತಮ್ಮನಿಗೆ ನೋವಾದೀತು ಅಂತ ಅಲ್ಲ, ಆ ಮನುಷ್ಯನಿಗೆ ನೋವಾಗಲಿ ಎಂದೇ ನನ್ನಾಸೆ. ಆದರೆ ಗುಂಪಿನ ಬಹಳ ಜನಕ್ಕೆ ಅವರ ಹೆಸರೇ ಗೊತ್ತಿರಲಿಲ್ಲ. ಇದ್ದಾಗ ಕೇಳದವರಿಗೆ ಈಗ ಹೇಳುವುದು ಯಾಕೆ? ನಮಗೆಲ್ಲ ಅವರು ಅಕ್ಕ, ಅಷ್ಟೇ.

ಮೂಡಲಪಾಳ್ಯದ ಹಳೇ ಊರಿನವರು ಅವರು. ಬಡಾವಣೆಯವರಲ್ಲ, ಬಡಾವಣೆ ಯಾರ ಹೊಲದ ಮೇಲೆ ಬಂತೋ ಆ ಮನೆಯವರು. ಹದಿನೆಂಟಕ್ಕೆ ಮದುವೆಯಾಗಿ ಇಪ್ಪತ್ತಕ್ಕೆ ವಾಪಸ್ ಬಂದರಂತೆ. ಯಾಕೆ ಅಂತ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾ ಇಪ್ಪತ್ತಾರು ವರ್ಷ ಕಳೆದರು. ಹೊಲ ಸೈಟುಗಳಾಗಿ ಹೋಗುವಾಗ ತಮ್ಮ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದರು. ತಮ್ಮ ಮೂರು ಅಂತಸ್ತು ಕಟ್ಟಿಸಿದ. ಕೆಳಗೆ ಅಂಗಡಿ, ಅದರ ಮೇಲೆ ಬಾಡಿಗೆಯವರು, ಅದರ ಮೇಲೆ ಅವನ ಸಂಸಾರ. ಎಲ್ಲದರ ಮೇಲೆ ತಾರಸಿ, ತಾರಸಿಯ ಮೂಲೆಯಲ್ಲಿ ಶೀಟ್ ಹೊದೆಸಿದ ಒಂದು ರೂಮು. ಅಕ್ಕ ಇದ್ದದ್ದು ಅಲ್ಲಿ.

ಬೆಳಿಗ್ಗೆ ಆರೂವರೆಗೆ ಅವರ ಹವಾಮಾನ ವರದಿ ಬರುತ್ತಿತ್ತು. "ಮೋಡ ಹಾಕ್ಕಂಡೈತೆ, ಆದ್ರೆ ಉದ್ರೋ ಮೋಡ ಅಲ್ಲ. ಗಿಡಕ್ಕೆ ನೀರು ಹಾಕ್ಕಳಿ, ಬಟ್ಟೆ ಒಣಗಾಕ್ಕಳಿ." ಇಷ್ಟೇ. ಮೊಬೈಲಿನ ಹವಾಮಾನವನ್ನು ನಂಬಿ ನಾವು ಹತ್ತು ಸಲ ಮೋಸ ಹೋಗಿದ್ದೇವೆ, ಅಕ್ಕನನ್ನು ನಂಬಿ ಹೆಚ್ಚೆಂದರೆ ಎರಡು ಸಲ. ಹೇಗೆ ಗೊತ್ತಾಗುತ್ತೆ ಅಕ್ಕ ಅಂತ ಒಮ್ಮೆ ಕೇಳಿದೆ. ಇರುವೆ, ಗಾಳಿ, ನಕ್ಷತ್ರ ಅಂತ ಏನಾದರೂ ಹಳ್ಳಿಯ ಜಾಣತನ ಹೇಳುತ್ತಾರೆ ಅಂತ ಕಾದೆ. ಅತ್ತಿಗುಪ್ಪೆ ಕಡೆಯಿಂದ ಮೆಟ್ರೋ ಸದ್ದು ಹತ್ತಿರದಲ್ಲಿ ಹೋದ ಹಾಗೆ ಕೇಳಿದರೆ ಸಂಜೆಗೆ ಮಳೆ, ದೂರ ಕೇಳಿದರೆ ಇಲ್ಲ ಅಂದರು. ಗಾಳಿಯ ದಿಕ್ಕು, ತೇವಾಂಶ ಅಂತ ನಾನು ವಿವರಿಸಲು ಹೋದೆ. ಅದೇ ಕಣಮ್ಮ ನಾನೇಳಿದ್ದು ಅಂದುಬಿಟ್ಟರು.

ಹಳ್ಳಿ ಬದುಕಿನ ಬಗ್ಗೆ ಯಾರಾದರೂ ಕರಗಿದರೆ ಅವರಿಗೆ ಆಗುತ್ತಿರಲಿಲ್ಲ. ಚಂದ್ರಾ ಲೇಔಟಿನ ಒಬ್ಬಾಕೆ, ನಿಮ್ಮದು ಎಂಥ ಭಾಗ್ಯ ಅಕ್ಕ, ಮಣ್ಣಿನಲ್ಲೇ ಬೆಳೆದವರು ಅಂದಾಗ, ರಾಗಿ ಕಳೆ ಕಿತ್ತು ನೋಡಿ ಒಂದಿನ, ಸೊಂಟ ನೆಟ್ಟಗಾದ್ಮೇಲೆ ಭಾಗ್ಯದ ಮಾತಾಡೋಣ ಅಂದರು. ತಾರಸಿಯ ಅಂಚಿಗೆ ಕರೆದುಕೊಂಡು ಹೋಗಿ ಅವರ ಹೊಲ ಎಲ್ಲಿತ್ತು ಅಂತ ನನಗೆ ತೋರಿಸಿದ್ದಾರೆ. ಆ ನೀಲಿ ಟ್ಯಾಂಕಿದೆಯಲ್ಲ ಅಲ್ಲಿ ಬಾವಿ, ಆ ಜಿಮ್ ಬೋರ್ಡಿನ ಹತ್ತಿರ ಹುಣಸೆಮರ. ದನಿಯಲ್ಲಿ ಯಾವ ದುಃಖವೂ ಇರಲಿಲ್ಲ. ಬಸ್ ಸ್ಟಾಪ್ ಎಲ್ಲಿ ಅಂತ ಕೇಳಿದವರಿಗೆ ಕೈ ತೋರಿಸಿದ ಹಾಗೆ ತೋರಿಸಿದರು.

ತುಂಬ ಒಳ್ಳೆಯವರಾಗಿದ್ದರು ಅಂತ ಎಲ್ಲರೂ ಈಗ ಹಾಡುತ್ತಿದ್ದಾರೆ. ಸುಳ್ಳು. ಅಕ್ಕ ಜುಗ್ಗಿ. ನೆಡಲು ಕಡ್ಡಿ ಕೊಟ್ಟರೆ ಒಂದೇ ಸಲ. ನೀವು ಒಣಗಿಸಿದರೆ ಮತ್ತೆ ಕೇಳುವ ಹಾಗಿಲ್ಲ, ಕೇಳಿದರೆ ಎಲ್ಲರೆದುರು, ಮೊದಲನೇದು ಏನಾಯ್ತು ಅಂತ ವಿಚಾರಣೆ. ದವನವನ್ನಂತೂ ಯಾರಿಗೂ ಕೊಡಲಿಲ್ಲ. ಬಣ್ಣದ ಸೆರಾಮಿಕ್ ಕುಂಡಗಳನ್ನು ಸಾಲಾಗಿಟ್ಟು ಫೋಟೋ ಹಾಕುವವರನ್ನು ಕಂಡರೆ ಆಗದು. ಅವರ ಗಿಡಗಳಿದ್ದದ್ದು ಪೇಂಟಿನ ಡಬ್ಬ, ಮೊಸರಿನ ಬಕೆಟ್ಟು, ಒಡೆದ ವಾಷಿಂಗ್ ಮೆಷಿನ್ನಿನ ಡ್ರಮ್ಮಿನಲ್ಲಿ. ತಮ್ಮ ಹೊಸ ಫೋನ್ ಕೊಡಿಸಿದ ಅಂತ ಒಮ್ಮೆ ಹೆಮ್ಮೆಯಿಂದ ಹೇಳಿದರು. ಅದು ತಮ್ಮನ ಮಗಳು ಬಳಸಿ ಬಿಟ್ಟದ್ದು, ಹಿಂಬದಿಯಲ್ಲಿ ಆ ಹುಡುಗಿಯ ಕಾಲೇಜಿನ ಸ್ಟಿಕರ್ ಇನ್ನೂ ಇತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಗೋವಿಂದರಾಜನಗರದ ನಮ್ಮ ಮನೆಗೆ ಅವರು ಬಂದದ್ದು ನಾಲ್ಕೈದು ಸಲ. ಒಂದು ಸಲ ನಿಂಬೆ ಗಿಡದ ಕಾರಣಕ್ಕೆ. ಡ್ರಮ್ಮಿನಲ್ಲಿಟ್ಟು ನಾಲ್ಕು ವರ್ಷವಾಗಿತ್ತು, ಒಂದು ಹೂವಿಲ್ಲ. ನಾನು ಎಪ್ಸಮ್ ಸಾಲ್ಟ್ ಹಾಕಿದ್ದೆ, ಮಣ್ಣಿನ ಪಿಎಚ್ ನೋಡಿದ್ದೆ. ಅಕ್ಕ ಗಿಡವನ್ನು ಒಂದು ಸುತ್ತು ಹಾಕಿ, ಮಚ್ಚು ತನ್ನಿ ಅಂದರು. ಮಚ್ಚೆಲ್ಲಿಂದ ತರಲಿ, ತೆಂಗಿನಕಾಯಿ ಒಡೆಯುವ ಕತ್ತಿ ತಂದೆ. ಅದನ್ನು ನನ್ನ ಕೈಯಲ್ಲೇ ಹಿಡಿಸಿ, ಈ ಗಿಡ ಕಾಯಿ ಬಿಡಲ್ಲ, ಕಡಿದು ಹಾಕ್ತೀನಿ ಅಂತ ಜೋರಾಗಿ ಹೇಳಿ ಅಂದರು. ಅವರ ಹೊಲದಲ್ಲಿ ಬಂಜೆ ಬಿದ್ದ ಗಿಡಕ್ಕೆ ಹೀಗೇ ಮಾಡುತ್ತಿದ್ದರಂತೆ. ಒಬ್ಬರು ಕಡೀತೀನಿ ಅನ್ನಬೇಕು, ಇನ್ನೊಬ್ಬರು ಬೇಡ ಅಂತ ಅಡ್ಡ ಬರಬೇಕು. ನಾನು ಹಾಜರಿ ಕರೆದ ಹಾಗೆ ಹೇಳಿದೆ. ಅದಕ್ಕೆ ಹೆದರ್ಕೆ ಆಗ್ಬೇಕು ಕಣಮ್ಮ, ಇನ್ನೊಂದ್ಸಲ ಅಂದರು. ಇನ್ನೊಂದು ಸಲ ಹೇಳಿದೆ. ಆಗ ಅವರು ಗಿಡಕ್ಕೂ ನನಗೂ ನಡುವೆ ಬಂದು ಎರಡು ಕೈ ಚಾಚಿ ನಿಂತರು. "ಬ್ಯಾಡ ತಾಯಿ, ಬಿಟ್ಬಿಡು. ಈ ಸಲ ಬಿಡ್ತದೆ, ನಾನದ್ಕೆ ಹೇಳ್ತೀನಿ." ಮೆಟ್ಟಿಲ ಮೇಲೆ ನಿಂತಿದ್ದ ನನ್ನ ಗಂಡ ನಕ್ಕೂ ನಕ್ಕೂ ಸುಸ್ತಾದರು. ಎರಡು ತಿಂಗಳಿಗೆ ನಿಂಬೆ ಹೂ ಕಚ್ಚಿತು. ಅದಕ್ಕೂ ಮುಂಚೆ ನಾನು ರೆಂಬೆ ಕತ್ತರಿಸಿದ್ದೆ, ಅದರಿಂದ ಅಂತಲೇ ನನ್ನ ವಾದ.

ಇನ್ನು ನನ್ನ ನಿಯಮದ ವಿಷಯಕ್ಕೆ ಬರುತ್ತೇನೆ.

ಗುಂಪು ಕಟ್ಟಿದಾಗ ನಾನೊಂದು ಕಟ್ಟುಪಾಡು ಬರೆದು ಮೇಲೆ ಅಂಟಿಸಿದ್ದೆ. ಗುಡ್ ಮಾರ್ನಿಂಗ್ ಬೇಡ, ದೇವರ ಪಟ ಬೇಡ, ರಾಜಕೀಯ ಬೇಡ, ಮನೆ ವಿಷಯ ಬೇಡ. ಗಿಡದ ವಿಷಯ ಮಾತ್ರ. ಅಕ್ಕ ಸೇರಿದ ವಾರದಲ್ಲೇ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರು. ಶುರುವಾದದ್ದು ಕರಿಬೇವಿನಿಂದ, ಆದರೆ ಅರ್ಧ ನಿಮಿಷಕ್ಕೆ ಅದು ನಾದಿನಿಯ ಕಡೆ ತಿರುಗಿತು. ತಮ್ಮನ ಹೆಂಡತಿ ತಾರಸಿಗೆ ಬರುವ ನೀರಿನ ವಾಲ್ವ್ ತಿರುಗಿಸಿಬಿಡುತ್ತಾಳೆ, ಕೇಳಿದರೆ ಟ್ಯಾಂಕರ್ ನೀರು ಗಿಡಕ್ಕಾ ಅನ್ನುತ್ತಾಳೆ, ತಮ್ಮ ಕೇಳಿಸದವನ ಹಾಗೆ ಟೀವಿ ನೋಡುತ್ತಾನೆ, ಹೀಗೆ. ನಾನು ಗುಂಪಿನಲ್ಲೇ ಉತ್ತರ ಬರೆದೆ. ಅಕ್ಕ, ಇಲ್ಲಿ ಗಿಡದ ವಿಷಯ ಮಾತ್ರ ಮಾತಾಡೋಣ, ಎಲ್ಲರ ಸಮಯವೂ ಮುಖ್ಯ. ಕೊನೆಯಲ್ಲಿ ನಗುವ ಮುಖ ಒಂದನ್ನೂ ಹಾಕಿದೆ. ಏಳೆಂಟು ಜನ ಹೆಬ್ಬೆರಳೆತ್ತಿದರು. ಅಕ್ಕನಿಗೆ ಓದಲು ಬರುತ್ತಿತ್ತು, ನಿಧಾನಕ್ಕೆ. ಸ್ವಲ್ಪ ಹೊತ್ತಿನ ಮೇಲೆ ತಪ್ಪಾಯ್ತು ಟೀಚರಮ್ಮ ಅಂತ ಒಂದು ವಾಯ್ಸ್ ಬಂತು.

ಅಂದಿನಿಂದ ಅವರು ಗಿಡದ ವಿಷಯ ಮಾತ್ರ ಮಾತಾಡಿದರು. ಮನೆ ಗಿಡದೊಳಗೆ ಸೇರಿಕೊಂಡಿತು. ಕರಿಬೇವು ಸೊರಗಿದೆ, ಬುಡಕ್ಕೆ ಹುಳಿಮಜ್ಜಿಗೆ ಹುಯ್ಯಬೇಕು, ಆದರೆ ಈಗೀಗ ಕೆಳಗಿಂದ ಮೇಲಕ್ಕೆ ಮಜ್ಜಿಗೆ ಬರುವುದಿಲ್ಲ ಅಂದರು. ಗುಂಪು ಅಕ್ಕಿ ತೊಳೆದ ನೀರು ಹಾಕಿ ಅಂತ ಸಲಹೆ ಕೊಟ್ಟಿತು. ಮೂರು ದಿನದಿಂದ ಮೇಲೆ ನೀರಿಲ್ಲ, ಟೊಮೇಟೊ ಬಾಡುತ್ತಿದೆ ಅಂದರು. ಗುಂಪು ಬುಡಕ್ಕೆ ತೆಂಗಿನ ನಾರು ಹರಡಿ ಅಂದಿತು. ಮೂರು ದಿನ ನೀವು ಏನು ಕುಡಿದಿರಿ ಅಂತ ಯಾರೂ ಕೇಳಲಿಲ್ಲ. ಬಟ್ಟೆ ಒಣಗಿಸಲು ಜಾಗ ಬೇಕಂತೆ, ಮಲ್ಲಿಗೆಯನ್ನು ಗೋಡೆಗೆ ಒತ್ತಿಟ್ಟಿದ್ದೇನೆ, ಇನ್ನೂ ಸರಿಯಬೇಕಂತೆ, ಇನ್ನೆಲ್ಲಿಗೆ ಸರಿಯೋದು ಅಂದರು. ಪಡುವಣ ಗೋಡೆಯಾದರೆ ಬೇಸಿಗೆಯಲ್ಲಿ ಕಷ್ಟ ಅಂತ ಉತ್ತರ ಕೊಟ್ಟವಳು ನಾನು. ಬಹಳ ತಿಳಿದವಳ ಹಾಗೆ ಪಡುವಣ ಬಿಸಿಲಿನ ಬಗ್ಗೆ ಒಂದು ಪ್ಯಾರಾ ಬರೆದೆ.

ತಿಂಗಳಿಗೊಮ್ಮೆ ಭಾನುವಾರ ಒಬ್ಬೊಬ್ಬರ ತಾರಸಿಯಲ್ಲಿ ಸೇರುವುದು ನಮ್ಮ ರೂಢಿ. ಬೀಜ, ಕಡ್ಡಿ ಬದಲಾಯಿಸಿಕೊಂಡು, ಆ ಮನೆಯವರ ಉಪ್ಪಿಟ್ಟೋ ಅವಲಕ್ಕಿಯೋ ತಿಂದು ಬರುವುದು. ಅಕ್ಕನ ಸರದಿ ಬಂದಾಗ ನಮ್ಮನ್ನು ಮನೆಯೊಳಗಿನ ಮೆಟ್ಟಿಲಿನಿಂದ ಕರೆದುಕೊಂಡು ಹೋಗಲಿಲ್ಲ, ಹೊರಗಿನ ಕಬ್ಬಿಣದ ಏಣಿಮೆಟ್ಟಿಲು ಹತ್ತಿಸಿದರು. ಬೇಕರಿಯ ಖಾರ ಬಿಸ್ಕತ್ತು, ಕೆಳಗಿನ ಅಂಗಡಿಯಿಂದ ತರಿಸಿದ ಪೇಪರ್ ಕಪ್ಪಿನ ಟೀ ಕೊಟ್ಟರು. ಎಷ್ಟು ಸಿಂಪಲ್ ಅಲ್ವಾ ಅಕ್ಕ ಅಂತ ಎಲ್ಲರೂ ಮೆಚ್ಚಿಕೊಂಡರು. ನಾನು ಕೈ ತೊಳೆಯಲು ರೂಮಿನೊಳಗೆ ಹೋದೆ. ಮಂಚದ ಕೆಳಗೆ ಒಂದು ಸುರುಳಿಯ ಕರೆಂಟ್ ಒಲೆ, ಒಂದು ಪಾತ್ರೆ, ಒಂದು ತಟ್ಟೆ. ಶೀಟಿನ ಕಾವು ಬೆಳಿಗ್ಗೆ ಹತ್ತು ಗಂಟೆಗೇ ನೆತ್ತಿ ಸುಡುತ್ತಿತ್ತು. ಕೈ ತೊಳೆದು ಹೊರಗೆ ಬಂದು, ನಿಮ್ಮ ಕನಕಾಂಬರ ಎಷ್ಟು ಚೆನ್ನಾಗಿದೆ ಅಕ್ಕ ಅಂದೆ.

ಕಳೆದ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಆ ಸುದ್ದಿ ಬಂತು. ಹವಾಮಾನ ಹೇಳಿ ಮುಗಿಸಿದ ಮೇಲೆ, ಅದೇ ದನಿಯಲ್ಲಿ, ತಾರಸಿ ಮೇಲೆ ಇನ್ನೊಂದು ಅಂತಸ್ತು ಕಟ್ಟುತ್ತಾರೆ, ಹುಡುಗರ ಪೀಜಿ ಮಾಡುತ್ತಾರಂತೆ, ರೂಮು ಒಡೆಯುತ್ತಾರೆ, ಗಿಡಗಳನ್ನು ಯಾರಿಗೆ ಬೇಕೋ ತೊಗೊಂಡು ಹೋಗಿ ಅಂದರು. ನಾನು ಫೋನ್ ಮಾಡಿದೆ. ತಮ್ಮನಿಗೆ ಹೇಳಿ ನೋಡಿದಿರಾ ಅಂದೆ. "ನಮ್ಮನೇಲಿ ಮಚ್ಚು ಹಿಡಿಯೋರು ಅವ್ರೆ ಟೀಚರಮ್ಮ, ಬ್ಯಾಡ ಅನ್ನೋರು ಯಾರೂ ಇಲ್ಲ" ಅಂದರು. ಗಿಡಗಳ ಚಿಂತೆ ಬಿಡಿ, ಒಂದೂ ಹಾಳಾಗದ ಹಾಗೆ ನಾನು ನೋಡಿಕೊಳ್ತೀನಿ ಅಂದೆ.

ನೋಡಿಕೊಂಡೆ. ಅಂಥ ಕೆಲಸದಲ್ಲಿ ನನ್ನನ್ನು ಯಾರೂ ಮೀರಿಸಲಾರರು. ಅಕ್ಕನಿಂದ ಗಿಡಗಳ ಪಟ್ಟಿ ಹೇಳಿಸಿಕೊಂಡು ಗುಂಪಿನಲ್ಲಿ ಹಾಕಿದೆ, ಯಾರಿಗೆ ಯಾವುದು ಬೇಕು ಅಂತ ಬರೆಸಿಕೊಂಡೆ. ಅಯ್ಯೋ ಪಾಪ ಅಂದವರು ಹತ್ತು ನಿಮಿಷದಲ್ಲಿ ಸುಗಂಧರಾಜಕ್ಕೆ ಕಿತ್ತಾಡುತ್ತಿದ್ದರು. ದುಂಡುಮಲ್ಲಿಗೆಯ ಎದುರು ನನ್ನ ಹೆಸರನ್ನು ನಾನು ಮೊದಲೇ ಬರೆದುಕೊಂಡಿದ್ದೆ. ಆ ಗಲಾಟೆಯ ನಡುವೆ ಬಸವೇಶ್ವರನಗರದ ಒಬ್ಬ ನಿವೃತ್ತ ಇಂಜಿನಿಯರು, ಅದು ಸರಿ, ಅಕ್ಕ ಇನ್ನು ಎಲ್ಲಿ ಇರ್ತಾರೆ ಅಂತ ಕೇಳಿದರು. ಇಡೀ ಗುಂಪಿನಲ್ಲಿ ಒಬ್ಬರೇ ಕೇಳಿದ್ದು. ವೈಯಕ್ತಿಕ ವಿಷಯಗಳನ್ನು ದಯವಿಟ್ಟು ಪ್ರೈವೇಟಾಗಿ ವಿಚಾರಿಸಿಕೊಳ್ಳಿ ಸಾರ್ ಅಂತ ನಾನು ಬರೆದೆ. ಸಾರಿ ಮೇಡಂ ಅಂದರು. ಪ್ರೈವೇಟಾಗಿ ಅವರೂ ವಿಚಾರಿಸಿಕೊಳ್ಳಲಿಲ್ಲ, ಬೇರೆ ಯಾರೂ ಇಲ್ಲ.

ಆ ಭಾನುವಾರ ಕಬ್ಬಿಣದ ಮೆಟ್ಟಿಲಿನ ಮೇಲೆ ಮದುವೆ ಮನೆಯ ಓಡಾಟ. ಕಾರಿನ ಸೀಟಿಗೆ ಹಾಸಲು ಹಳೇ ಬೆಡ್‌ಶೀಟ್ ತಂದವರು, ಗೂಡ್ಸ್ ಆಟೋ ಮಾಡಿಕೊಂಡು ಬಂದವರು. ಅಕ್ಕ ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು ನಿಂತಿದ್ದರು. ಒಂದೊಂದು ಗಿಡ ಎತ್ತುವಾಗಲೂ ಅದರ ಸ್ವಭಾವ ಹೇಳಿ ಕಳಿಸುತ್ತಿದ್ದರು. ಇದಕ್ಕೆ ಮಧ್ಯಾಹ್ನದ ಬಿಸಿಲಾಗಲ್ಲ, ಇದಕ್ಕೆ ನೀರು ಹೆಚ್ಚಾದರೆ ಕೋಪ, ಇದನ್ನು ಜಾಗ ಬದಲಾಯಿಸಿದರೆ ಒಂದು ತಿಂಗಳು ಮುನಿಸಿಕೊಂಡಿರುತ್ತೆ, ಗಾಬರಿ ಬೀಳಬೇಡಿ. ಯಾರಿಗೂ ಕೊಡದಿದ್ದ ದವನವನ್ನೂ ಅವತ್ತು ಎತ್ತಿ ಕೊಟ್ಟರು. ದವನ ಕೇಳಿದವರಿಗಲ್ಲ, ಆ ಇಂಜಿನಿಯರಿಗೆ. ಎಲ್ಲರೂ ಅವರ ಜೊತೆ ಸೆಲ್ಫಿ ತೆಗೆಸಿಕೊಂಡರು. ಅಕ್ಕನಿಗೆ ಕ್ಯಾಮೆರಾ ಎಲ್ಲಿ ನೋಡಬೇಕು ಅಂತ ತಿಳಿಯುತ್ತಿರಲಿಲ್ಲ, ಆ ಫೋಟೋಗಳಲ್ಲೆಲ್ಲ ಅವರು ಎತ್ತಲೋ ನೋಡುತ್ತಿದ್ದಾರೆ.

ಒಂದು ಗಂಟೆಯ ಹೊತ್ತಿಗೆ ಎಲ್ಲ ಖಾಲಿ. ನನ್ನ ಮಲ್ಲಿಗೆಯನ್ನೂ ಗಂಡ ಕೆಳಗಿಳಿಸಿ ಕಾರಿನಲ್ಲಿಟ್ಟಾಗಿತ್ತು. ಡಬ್ಬಗಳಿದ್ದ ಕಡೆಯಲ್ಲೆಲ್ಲ ತೇವದ ಉಂಗುರಗಳು, ಅವೂ ಬಿಸಿಲಿಗೆ ಆರುತ್ತಿದ್ದವು. ಅಕ್ಕ ಪೊರಕೆ ತೊಗೊಂಡು ಬಿದ್ದ ಮಣ್ಣನ್ನು ಒಂದು ಮೂಲೆಗೆ ಗುಡಿಸಿದರು. ಇನ್ನು ಹದಿನೈದು ದಿನಕ್ಕೆ ಕಟ್ಟಡದ ಕೆಲಸ ಶುರುವಾಗುವ ತಾರಸಿಯನ್ನು ಯಾಕೆ ಗುಡಿಸಬೇಕೋ. ಬರ್ತೀನಿ ಅಕ್ಕ ಅಂತ ಹೊರಟೆ. ಅವರು ಪೊರಕೆ ಗೋಡೆಗೆ ಆನಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು.

"ಟೀಚರಮ್ಮ, ನಿಮ್ಮ ಹಿಂದ್ಗಡೆ ರೂಮು ಖಾಲಿ ಐತಲ್ಲ. ಅದಕ್ಕೆ ಬಿಸಿಲು ಬತ್ತದಾ?"

ನಮ್ಮ ಮನೆಯ ಹಿಂಭಾಗದಲ್ಲಿ ಒಂದು ಸಣ್ಣ ರೂಮಿದೆ, ಪಕ್ಕದಲ್ಲೇ ಬಚ್ಚಲು. ನನ್ನ ಅತ್ತೆ ಇರುವ ತನಕ ಅವರದಾಗಿತ್ತು. ಈಗ ಹಳೇ ಪೇಪರು, ಮಗಳ ಕಾಲೇಜಿನ ಪುಸ್ತಕ, ಗೊಬ್ಬರದ ಚೀಲ.

"ಇಲ್ಲ ಅಕ್ಕ, ಅಲ್ಲಿ ಬಿಸಿಲೇ ಇಲ್ಲ" ಅಂದೆ. "ಏನಿಟ್ಟರೂ ಬದುಕಲ್ಲ."

"ನೆರಳಿಗೆ ಒಗ್ಗೋವೂ ಇರ್ತವೆ ಕಣಮ್ಮ. ನೀರೂ ಜಾಸ್ತಿ ಬೇಕಾಗಲ್ಲ."

"ಗೋಡೆಗೆ ತೇವ ಹಿಡಿಯುತ್ತೆ ಅಕ್ಕ. ಮೊದಲೇ ಹಳೇ ಮನೆ."

ಅವರು ಗೋಡೆಗೆ ಆನಿಸಿದ್ದ ಪೊರಕೆಯನ್ನು ಮತ್ತೆ ಕೈಗೆ ತೊಗೊಂಡರು. ಆಮೇಲೆ, ಅದೂ ದಿಟವೇ ಅಂದರು. ಮಲ್ಲಿಗೆಗೆ ಇವತ್ತೇ ನೀರು ಹಾಕಬೇಡಿ, ನಾಳೆ ಹಾಕಿ ಅಂದರು. ನಾನು ಸರಿ ಅಂತ ಮೆಟ್ಟಿಲಿಳಿದೆ.

ತಾವರೆಕೆರೆ ದಾಟಿ ಒಳಗೆ ಯಾವುದೋ ಊರಿನಲ್ಲಿ ಅವರ ದೊಡ್ಡಪ್ಪನ ಮಗನ ಮನೆಯಿದೆಯಂತೆ, ಅಕ್ಕನನ್ನು ಅಲ್ಲಿಗೆ ಕಳಿಸಿದರು. ಹಸುವಿನ ಮೇವು ಒಟ್ಟುವ ರೂಮನ್ನು ಖಾಲಿ ಮಾಡಿಕೊಟ್ಟಿದ್ದಾರೆ ಅಂತ ಗೊತ್ತಾಯಿತು. ಮೊದಲ ಕೆಲವು ವಾರ ಆರೂವರೆಗೆ ವಾಯ್ಸ್ ಬರುತ್ತಿತ್ತು. ಇಲ್ಲಿ ಮೆಟ್ರೋ ಸದ್ದಿಲ್ಲ, ಮಳೆ ಗೊತ್ತಾಗಲ್ಲ ಅಂದರು ಒಂದು ದಿನ. ಗುಂಪು ಹೊಟ್ಟೆ ಹಿಡಿದು ನಗುವ ಮುಖಗಳನ್ನು ಹಾಕಿತು. ನಮ್ಮವರು ಹೂ ಬಿಟ್ಟಾಗಲೆಲ್ಲ ಫೋಟೋ ಹಾಕಿ, ಅಕ್ಕ ನೋಡಿ ನಿಮ್ಮ ಗಿಡ ಅನ್ನುತ್ತಿದ್ದರು. ಅಕ್ಕ ಒಂದೊಂದಕ್ಕೂ ಚೆನ್ನಾಗೈತೆ ಅಂತ ಹೇಳಿ ಕಳಿಸುತ್ತಿದ್ದರು. ನಾನೂ ಮಲ್ಲಿಗೆಯ ಫೋಟೋ ಹಾಕಿದೆ, ನನಗೂ ಚೆನ್ನಾಗೈತೆ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ವಾಯ್ಸ್ ನಿಂತಿತು. ಯಾರು ಯಾರು ಸಂದೇಶ ನೋಡಿದ್ದಾರೆ ಅಂತ ತೆಗೆದು ನೋಡಿದರೆ ಅವರ ನಂಬರ್ ಇರುತ್ತಿತ್ತು. ನೋಡುತ್ತಿದ್ದಾರಲ್ಲ, ಇದ್ದಾರೆ ಅಂದುಕೊಳ್ಳುತ್ತಿದ್ದೆ. ಫೋನ್ ಮಾಡಬೇಕು ಅಂತ ತುಂಬ ಸಲ ಅನ್ನಿಸಿತು. ಅನ್ನಿಸಿತು, ಅಷ್ಟೇ.

ಈಗ ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕು. ನಿನ್ನೆ ಕೂತು ಬರೆದೆ ಕೂಡ. ಚೆನ್ನಾಗಿಯೇ ಬಂತು. ಮಣ್ಣಿನ ಮಗಳು ಅನ್ನುವುದನ್ನು ಹಾಕಿ, ಅಕ್ಕ ಬೈದಾರು ಅಂತ ಹೊಡೆದು ಹಾಕಿದೆ. ಕೊನೆಯ ಸಾಲು ಹೀಗಿತ್ತು, ಯಾರಿಂದಲೂ ಏನನ್ನೂ ಕೇಳದೆ ಎಲ್ಲರಿಗೂ ಕೊಟ್ಟು ಹೋದ ಜೀವ. ಗುಂಪಿಗೆ ಹಾಕಲು ಬೆರಳೆತ್ತಿದೆ, ಆಗಲಿಲ್ಲ.

ಕೇಳಿದ್ದರಲ್ಲ. ನನ್ನನ್ನೇ ಕೇಳಿದ್ದರು. ಮನೆ ವಿಷಯ ಮಾತಾಡಬೇಡಿ ಅಂತ ನಾನೇ ಕಲಿಸಿದ್ದೆನಲ್ಲ, ಅದಕ್ಕೆ ಗಿಡದ ಮಾತಿನಲ್ಲೇ ಕೇಳಿದ್ದರು. ಅವತ್ತು ಕಾರಿನಲ್ಲಿ ಗಂಡನಿಗೆ, ಪಾಪ, ಕುಂಡ ಇಡಲು ನಮ್ಮ ಹಿಂದಿನ ರೂಮು ಕೇಳಿದರು, ಆಗಲ್ಲ ಅಂದೆ ಎಂದು ಹೇಳಿದೆ. ಆಮೇಲೆ ಮಗಳಿಗೂ ಹಾಗೇ ಹೇಳಿದೆ. ಹೇಳೀ ಹೇಳೀ, ನನಗೆ ನಿಜವಾಗಿ ಹಾಗೇ ಕೇಳಿಸಿತ್ತು, ಗಿಡ ಬೆಳೆಸುವವರು ಮಾಡುವ ಸಹಜವಾದ ತಪ್ಪು ಅದು ಅಂತ ನಂಬುವ ಮಟ್ಟಕ್ಕೆ ಬಂದಿದ್ದೆ.

ಯಾವ ಕುಂಡ? ಅವರು ಆ ಮಾತು ಕೇಳಿದಾಗ ತಾರಸಿಯ ಮೇಲೆ ಒಂದು ಗಿಡವೂ ಇರಲಿಲ್ಲ. ಪಟ್ಟಿ ನನ್ನ ಕೈಯಲ್ಲೇ ಇತ್ತು, ಎಲ್ಲದರ ಎದುರೂ ಗುರುತು ಹಾಕಿಯಾಗಿತ್ತು. ಅವರು ಮಾತು ಮುಗಿಸುವ ಮೊದಲೇ ನನಗೆ ಅರ್ಥವಾಗಿತ್ತು. ಅರವತ್ತೆಂಟು ದಾಟಿದ ಹೆಂಗಸು, ಒಮ್ಮೆ ಒಳಗೆ ಬಂದರೆ ಹೋಗುವುದು ಯಾವಾಗ, ಕಾಯಿಲೆ ಬಿದ್ದರೆ ನೋಡುವವರು ಯಾರು, ಆ ತಮ್ಮನ ಜೊತೆ ಜಗಳ ಯಾಕೆ, ಇಷ್ಟೂ ಲೆಕ್ಕ ಅವರು ಬಿಸಿಲು ಅನ್ನುವಷ್ಟರಲ್ಲಿ ಮುಗಿದಿತ್ತು. ಗಿಡದ ಮಾತಿಗೆ ಗಿಡದ ಮಾತಿನಲ್ಲೇ ಉತ್ತರ ಕೊಟ್ಟೆ. ಅವರು ಮರ್ಯಾದೆ ಉಳಿಸಿಕೊಳ್ಳಲು ಹಾಗೆ ಕೇಳಿದ್ದರು, ನಾನು ತಪ್ಪಿಸಿಕೊಳ್ಳಲು ಹಾಗೆ ಹೇಳಿದೆ.

ಅವರ ನಂಬರನ್ನು ಇವತ್ತು ಬೆಳಿಗ್ಗೆ ಗುಂಪಿನಿಂದ ತೆಗೆದೆ. ಆಮೇಲೆ ಹಿಂದಿನ ರೂಮಿಗೆ ಹೋಗಿ ಗೊಬ್ಬರದ ಚೀಲದ ಮೇಲೆ ಕೂತಿದ್ದೆ. ಎಂಟು ಗಂಟೆಗೆ ಕಿಟಕಿಯಿಂದ ಬಿಸಿಲು ಬಂತು, ಹತ್ತೂವರೆಯ ತನಕ ಇತ್ತು. ಯಾವಾಗಲೂ ಬರುತ್ತದೆ.